ನಾಲ್ವರ ಸಂವಾದ: ಹಳತು ಹೊಸತುಗಳ ಒಂದು ಸಂಜೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಹತ್ತಾರು ವಾದಕರ ದೊಡ್ಡ ವಾದ್ಯವೃಂದ ಮತ್ತು ಅವರೆದುರು ಸಣ್ಣ ಕೋಲೊಂದನ್ನು ಹಿಡಿದು ನಿಂತ ನಿರ್ದೇಶಕ. ಆದರೆ ಆ ಸಂಗೀತವನ್ನು ಬಲ್ಲವರು ಅದರ ಅಂತರಂಗದ ಮಾತು ಕೇಳಿಬರುವುದು ನಾಲ್ಕೇ ಮಂದಿ ಅರ್ಧವರ್ತುಲವಾಗಿ ಕುಳಿತು ನುಡಿಸುವ ಪುಟ್ಟ ಗೋಷ್ಠಿಯಲ್ಲಿ ಎನ್ನುತ್ತಾರೆ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ಇಷ್ಟೇ ಅದರ ಸಂಸಾರ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಎಂದು ಹೆಸರು. ನಾವು ಈ ಬರಹದಲ್ಲಿ ತಂತಿವಾದ್ಯ ಚತುಷ್ಟಯವೆಂದು ಕರೆಯೋಣ.

ಈ ನಾಲ್ಕರಲ್ಲಿ ಪಿಟೀಲು ನಮಗೆ ಪರಕೀಯವಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮನಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಒಬ್ಬರು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ದೂರ ಕುಳಿತವರಿಗೂ ಕೇಳಿಸಲೆಂದು ಏಳು ತಂತಿಗಳ ಪಿಟೀಲನ್ನು ನುಡಿಸಿದ ಮೈಸೂರು ಟಿ. ಚೌಡಯ್ಯನವರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದು ನಿಂತಿದೆ. ವಿಯೋಲವು ಪಿಟೀಲಿಗಿಂತ ತುಸು ದೊಡ್ಡದು, ಐದು ಸ್ವರಗಳಷ್ಟು ತಗ್ಗಿನ ಶ್ರುತಿಯದು. ಚೆಲ್ಲೊ ಅದಕ್ಕಿಂತಲೂ ಒಂದು ಸ್ಥಾಯಿ ಕೆಳಗೆ. ವಾದಕನು ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾನೆ. ಒಂದೊಂದಕ್ಕೆ ನಾಲ್ಕರಂತೆ ಒಟ್ಟು ಹದಿನಾರು ತಂತಿಗಳು. ತಾಳ ಹಾಕಿ ಕೊಡುವವನಿಲ್ಲ, ಕೈಸನ್ನೆ ಮಾಡುವ ನಿರ್ದೇಶಕನಿಲ್ಲ. ಒಬ್ಬನ ಉಸಿರಿನ ಏರಿಳಿತವನ್ನು, ಕಮಾನಿನ ಅಲುಗಾಟವನ್ನು ಉಳಿದ ಮೂವರು ಗಮನಿಸಿ ಒಂದೇ ಕ್ಷಣದಲ್ಲಿ ತೊಡಗಬೇಕು. ತನ್ನ ನಾದವನ್ನು ಕೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ನೆರೆಯವನ ನಾದವನ್ನು ಕೇಳಬೇಕು. ಹಾಗೆ ಕೇಳಲಾರದವನು ಎಷ್ಟೇ ನಿಪುಣನಾದರೂ ಚತುಷ್ಟಯಕ್ಕೆ ಸಲ್ಲನು.

ಈ ಪ್ರಕಾರದ ಹುಟ್ಟಿನ ಕಥೆಯಲ್ಲಿ ನಮಗೆ ವಿಶೇಷ ಸಂತೋಷ ಕೊಡುವ ಒಂದು ಸಂಗತಿಯಿದೆ. 1750ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರಿಯ ದೇಶದ ಫ್ಯೂರ್ನ್‌ಬರ್ಗ್ ಎಂಬ ಜಹಗೀರುದಾರರು ತಮ್ಮ ಮನೆಯಲ್ಲಿ ಆಗಾಗ ಸಂಗೀತಕ್ಕೆಂದು ನಾಲ್ವರನ್ನು ಕರೆಸುತ್ತಿದ್ದರು. ಆ ಊರಿನ ಧರ್ಮಕೇಂದ್ರದ ಗುರುಗಳು, ಜಹಗೀರಿನ ಮೇಲ್ವಿಚಾರಕರು, ಆಲ್ಬ್ರೆಕ್ಟ್ಸ್‌ಬರ್ಗರ್ ಎಂಬೊಬ್ಬರು ಮತ್ತು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಜೋಸೆಫ್ ಹೈಡನ್. ಈ ನಾಲ್ವರೂ ಕೂಡಿ ನುಡಿಸಬಹುದಾದಂಥದೊಂದನ್ನು ಬರೆದುಕೊಡೆಂದು ಕೇಳಿದಾಗ ಹೈಡನ್ ತಮ್ಮ ಮೊದಲ ಚತುಷ್ಟಯವನ್ನು ಬರೆದರೆಂದು ಅವರ ಜೀವನಚರಿತ್ರೆಕಾರರಾದ ಗ್ರೀಸಿಂಗರ್ ದಾಖಲಿಸಿದ್ದಾರೆ. ಮುಂದೆ ಹೈಡನ್ ಈ ಪ್ರಕಾರದಲ್ಲಿ ಅರವತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿ ಅದರ ಪಿತಾಮಹರೆನಿಸಿಕೊಂಡರು. ಜಗತ್ತಿನ ಮಹಾಸಭಾಭವನಗಳನ್ನು ತುಂಬುವ ಈ ಕಲೆ ಮೊದಲು ಬಾಯ್ತೆರೆದಾಗ ಒಂದು ವಾದ್ಯವು ಹಳ್ಳಿಯ ಪಾದ್ರಿಯೊಬ್ಬರ ಕೈಯಲ್ಲಿತ್ತು!

ಇನ್ನು ವಿಷಯಕ್ಕೆ ಬರೋಣ. ಇಂದು ಚತುಷ್ಟಯ ಕಚೇರಿಗಳನ್ನು ಏರ್ಪಡಿಸುವವರು ಸಾಮಾನ್ಯವಾಗಿ ಒಂದು ಕ್ರಮವನ್ನು ಅನುಸರಿಸುತ್ತಾರೆ. ಮೊದಲಿಗೆ ಹೈಡನ್ ಅಥವಾ ಮೊಜಾರ್ಟ್, ನಡುವೆ ನಮ್ಮ ಕಾಲದ ಅಥವಾ ನಮಗೆ ಸಮೀಪ ಕಾಲದ ಕೃತಿ, ವಿರಾಮದ ಬಳಿಕ ಬೀಥೋವನ್ ಅಥವಾ ಷೂಬರ್ಟ್. ನಡುವಿನ ಕೃತಿ ತೊಡಗಿದಾಗ ಸಭೆಯಲ್ಲಿ ಕೆಮ್ಮು ಹೆಚ್ಚುತ್ತದೆ, ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ. ಎರಡು ಸಿಹಿತಿಂಡಿಗಳ ನಡುವೆ ಕಷಾಯ ಕುಡಿಸಿದರೆಂಬ ಗೊಣಗಾಟವೂ ಉಂಟು. ಹಣ ಕೊಟ್ಟು ಬಂದ ಶ್ರೋತೃವಿಗೆ ಮನಸ್ಸಿಗೆ ನೆಮ್ಮದಿ ಬೇಡವೇ, ಕಿವಿಗೆ ಕರ್ಕಶವಾದುದನ್ನು ಅವನೇಕೆ ಸಹಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಹಗುರವಾಗಿ ತಳ್ಳಿಹಾಕದೆ ವಿಚಾರಿಸಿ ನೋಡುವುದು ಯುಕ್ತ.

ವಿಚಾರಕ್ಕೆ ಅನುಕೂಲವಾಗಲೆಂದು ಇಂಥ ಸಂಜೆಗೆ ಒಪ್ಪುವ ನಾಲ್ಕು ಕೃತಿಗಳನ್ನು ಸಾಲಾಗಿ ಇರಿಸಿಕೊಳ್ಳೋಣ. ಒಟ್ಟು ಒಂದೂವರೆ ಗಂಟೆಯ ಸಂಗೀತ.

ಮೊದಲನೆಯದು ಹೈಡನ್ನರು 1772ರಲ್ಲಿ ರಚಿಸಿದ ಇಪ್ಪತ್ತನೆಯ ಕೃತಿಸಂಖ್ಯೆಯ ಆರು ಚತುಷ್ಟಯಗಳಲ್ಲಿ ಐದನೆಯದು. ಅದಕ್ಕೆ ಮುಂಚೆ ಬಹುಮಟ್ಟಿಗೆ ಮೊದಲ ಪಿಟೀಲು ಹಾಡುತ್ತಿತ್ತು, ಉಳಿದವು ಹಿನ್ನೆಲೆಯಾಗಿ ಹಿಂಬಾಲಿಸುತ್ತಿದ್ದವು. ಈ ಆರು ಕೃತಿಗಳಲ್ಲಿ ಹೈಡನ್ ನಾಲ್ಕು ವಾದ್ಯಗಳಿಗೂ ಸಮಾನ ಹಕ್ಕು ಕೊಟ್ಟರು. ಐದನೆಯ ಚತುಷ್ಟಯದ ಕೊನೆಯ ಭಾಗ ಫ್ಯೂಗ್ ಎಂಬ ರಚನಾಕ್ರಮದಲ್ಲಿದೆ. ಒಂದು ವಾದ್ಯ ಆಡಿದ ಮಾತನ್ನೇ ಇನ್ನೊಂದು ಎತ್ತಿಕೊಳ್ಳುತ್ತದೆ, ಮೊದಲನೆಯದು ಅಷ್ಟರಲ್ಲಿ ಬೇರೆ ಮಾತು ಆರಂಭಿಸಿರುತ್ತದೆ. ನಾಲ್ವರೂ ಒಮ್ಮೆಗೇ ಮಾತನಾಡಿದರೂ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಅಳಿಸುವುದಿಲ್ಲ. ನಮ್ಮ ಪಂಚಾಯಿತಿಗಳಲ್ಲಿಯೂ ಧರ್ಮಕೇಂದ್ರದ ಸಭೆಗಳಲ್ಲಿಯೂ ಇದು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಈ ಫ್ಯೂಗಿನ ಮೂಲಸ್ವರಗಳ ಜಾಡು, ಹ್ಯಾಂಡಲ್‌ರ ಮೆಸ್ಸಾಯ ಗಾನಕೃತಿಯಲ್ಲಿಯೂ ಮುಂದೆ ಮೊಜಾರ್ಟ್‌ರ ಮೃತರ ಬಲಿಪೂಜೆಯ ಸಂಗೀತದಲ್ಲಿ ಕರುಣೆಯನ್ನು ಯಾಚಿಸುವ ಭಾಗದಲ್ಲಿಯೂ ಕಾಣಿಸುವಂಥದೇ. ಅಷ್ಟು ಗಂಭೀರವಾದ ಈ ಭಾಗವನ್ನು ತಗ್ಗಿದ ದನಿಯಲ್ಲೇ ನುಡಿಸಬೇಕೆಂದು ಹೈಡನ್ ಸೂಚಿಸಿದ್ದಾರೆ.

ಎರಡನೆಯದು ಎಸ್ಟೋನಿಯ ದೇಶದ ಆರ್ವೊ ಪ್ಯಾರ್ಟ್ ಅವರ ‘ಸುಮ್ಮ’. ಐದಾರು ನಿಮಿಷಗಳ ಪುಟ್ಟ ರಚನೆ. ಪ್ಯಾರ್ಟ್ 1935ರಲ್ಲಿ ಜನಿಸಿದವರು. ಅವರ ತಾಯ್ನಾಡು ಸೋವಿಯತ್ ಆಳ್ವಿಕೆಗೆ ಒಳಪಟ್ಟಿದ್ದಾಗ, 1968ರಲ್ಲಿ ಅವರ ‘ಕ್ರೇದೊ’ ಎಂಬ ಕೃತಿ ಕ್ರಿಸ್ತನಲ್ಲಿ ವಿಶ್ವಾಸವನ್ನು ಬಹಿರಂಗವಾಗಿ ಸಾರಿದ ಕಾರಣ ಅಧಿಕಾರಸ್ಥರ ಕೋಪಕ್ಕೆ ಗುರಿಯಾಯಿತು. ಅದರ ಪ್ರದರ್ಶನಕ್ಕೆ ನಿಷೇಧ ಬಿತ್ತು. ಬಳಿಕ ಕೆಲವು ವರ್ಷ ಅವರು ಬಹುಪಾಲು ಮೌನವಾಗಿದ್ದು ಪ್ರಾಚೀನ ದೇವಾಲಯ ಸಂಗೀತವನ್ನು ಅಭ್ಯಾಸ ಮಾಡಿದರು. 1976ರಿಂದ ಅವರದೇ ಆದ ಹೊಸ ಶೈಲಿ ಹೊರಬಂತು. ಒಂದು ದನಿ ಸ್ವರಶ್ರೇಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಜತೆಗಿರುವ ಇನ್ನೊಂದು ದನಿ ಮೂರೇ ಸ್ವರಗಳಲ್ಲಿ ಗಂಟೆಯಂತೆ ಮೊಳಗುತ್ತದೆ. 1977ರಲ್ಲಿ ರಚಿತವಾದ ‘ಸುಮ್ಮ’ ವಾಸ್ತವವಾಗಿ ಲತೀನ್ ಭಾಷೆಯ ವಿಶ್ವಾಸ ಪ್ರಮಾಣಕ್ಕೆ ಹಾಕಿದ ರಾಗ. ಆದರೆ ಆ ಹೆಸರಿಟ್ಟರೆ ಅಪಾಯ. ಆದುದರಿಂದ ‘ಸುಮ್ಮ’ ಎಂಬ ತಟಸ್ಥ ಹೆಸರು. ಸಂತ ತೋಮಸ್ ಅಕ್ವಿನಾಸರ ಮಹಾಗ್ರಂಥವನ್ನು ಓದಿದ ನಮ್ಮಂಥವರಿಗೆ ಆ ಹೆಸರು ತಟಸ್ಥವಾಗಿ ಕೇಳಿಸದೆಂಬುದು ಬೇರೆ ಮಾತು. 1991ರಲ್ಲಿ ಪ್ಯಾರ್ಟ್ ಅದನ್ನು ನಾಲ್ಕು ತಂತಿವಾದ್ಯಗಳಿಗೆ ಅಳವಡಿಸಿದರು. ಈಗ ಅದರಲ್ಲಿ ಒಂದು ಪದವೂ ಇಲ್ಲ. ಆದರೂ ಪ್ರತಿಯೊಂದು ಸ್ವರದ ಅಡಿಯಲ್ಲಿ ಒಂದು ಅಕ್ಷರ ಅಡಗಿದೆ. ಬಾಯಿ ಕಟ್ಟಿದ ಕಾಲದಲ್ಲಿ ಮನಸ್ಸು ಉಚ್ಚರಿಸಿಕೊಂಡ ಪ್ರಾರ್ಥನೆಯಂತೆ ಅದು ಕೇಳಿಸುತ್ತದೆ.

ಮೂರನೆಯದು ರಷ್ಯದ ದಿಮಿತ್ರಿ ಶೊಸ್ತಕೊವಿಚ್‌ರ ಎಂಟನೆಯ ಚತುಷ್ಟಯ. ಕಿವಿಗೆ ಕಷ್ಟವೆನಿಸುವುದು ಇದೇ. 1960ರ ಜುಲೈ ತಿಂಗಳಲ್ಲಿ ಚಲನಚಿತ್ರವೊಂದಕ್ಕೆ ಸಂಗೀತ ಬರೆಯಲೆಂದು ಅವರನ್ನು ಡ್ರೆಸ್ಡೆನ್ ಪ್ರದೇಶಕ್ಕೆ ಕಳುಹಿಸಲಾಗಿತ್ತು. 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಸುಟ್ಟು ನೆಲಸಮವಾಗಿದ್ದ ನಗರ ಅದು. ಅಲ್ಲಿಗೆ ಸಮೀಪದ ಗೋರಿಷ್ ಎಂಬಲ್ಲಿ ಉಳಿದುಕೊಂಡು, ಬರೆಯಬೇಕಾಗಿದ್ದ ಸಂಗೀತವನ್ನು ಬದಿಗಿಟ್ಟು, ಮೂರೇ ದಿನಗಳಲ್ಲಿ ಅವರು ಈ ಚತುಷ್ಟಯವನ್ನು ಮುಗಿಸಿದರು. ಫ್ಯಾಸಿಸಂ ಮತ್ತು ಯುದ್ಧದಲ್ಲಿ ಬಲಿಯಾದವರ ಸ್ಮರಣೆಗೆ ಅದು ಅರ್ಪಿತವಾಗಿದೆ. ಆದರೆ ಕೆಲವೇ ದಿನಗಳ ಬಳಿಕ ಗ್ಲಿಕ್‌ಮನ್ ಎಂಬ ಆಪ್ತಮಿತ್ರರಿಗೆ ಬರೆದ ಪತ್ರದಲ್ಲಿ, ತಾನು ಸತ್ತರೆ ತನ್ನ ನೆನಪಿಗೆ ಯಾರೂ ಏನೂ ಬರೆಯಲಾರರೆಂದು ತಾನೇ ಬರೆದುಕೊಂಡುದಾಗಿ ಅವರು ತಿಳಿಸಿದ್ದರು. ಅದೇ ವರ್ಷ ಅವರು ಒತ್ತಡಕ್ಕೆ ಮಣಿದು ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವಕ್ಕೆ ಒಪ್ಪಬೇಕಾಗಿ ಬಂದಿತ್ತು. ತನ್ನ ಹೆಸರಿನ ಜರ್ಮನ್ ಅಕ್ಷರಗಳಿಗೆ ಸರಿಹೊಂದುವ ನಾಲ್ಕು ಸ್ವರಗಳನ್ನು ಅವರು ಕೃತಿಯ ಉದ್ದಕ್ಕೂ ನೆಯ್ದಿದ್ದಾರೆ. ಐದು ಭಾಗಗಳು ಎಲ್ಲಿಯೂ ನಿಲ್ಲದೆ ಸಾಗುತ್ತವೆ. ನಾಲ್ಕನೆಯ ಭಾಗದಲ್ಲಿ ಮೂರು ಕಠಿಣವಾದ ಹೊಡೆತಗಳು ಮತ್ತೆ ಮತ್ತೆ ಕೇಳಿಸುತ್ತವೆ. ಕೆಲವರು ಅದನ್ನು ನಡುರಾತ್ರಿ ಬಾಗಿಲು ಬಡಿಯುವ ಸದ್ದೆಂದೂ, ಕೆಲವರು ವಿಮಾನದಿಂದ ಬೀಳುವ ಬಾಂಬಿನ ಸದ್ದೆಂದೂ ಅರ್ಥೈಸುತ್ತಾರೆ. ಎರಡಕ್ಕೂ ಆ ಶತಮಾನದಲ್ಲಿ ಕೊರತೆಯಿರಲಿಲ್ಲ.

ವಿರಾಮದ ಅನಂತರ ನಾಲ್ಕನೆಯ ಕೃತಿ, ಬೀಥೋವನ್‌ರ 132ನೆಯ ಕೃತಿಸಂಖ್ಯೆಯ ಚತುಷ್ಟಯ. 1825ರ ವಸಂತದಲ್ಲಿ ಬೀಥೋವನ್ ಕರುಳಿನ ಬೇನೆಯಿಂದ ಹಾಸಿಗೆ ಹಿಡಿದಿದ್ದರು. ಶ್ರವಣಶಕ್ತಿಯಂತೂ ಅದಕ್ಕೆ ಮೊದಲೇ ನಷ್ಟವಾಗಿತ್ತು. ಚೇತರಿಸಿಕೊಂಡ ಮೇಲೆ ಬರೆದ ಈ ಕೃತಿಯ ನಡುವಣ ಭಾಗಕ್ಕೆ ಅವರು ಕೊಟ್ಟ ಹೆಸರಿನ ಭಾವ, ಗುಣಮುಖನಾದವನು ದೇವರಿಗೆ ಸಲ್ಲಿಸುವ ಪವಿತ್ರ ಕೃತಜ್ಞತಾಗೀತೆ ಎಂದು. ಅದನ್ನು ಅವರು ದೇವಾಲಯ ಸಂಗೀತದ ಹಳೆಯ ಲಿಡಿಯನ್ ಶ್ರೇಣಿಯಲ್ಲಿ ರಚಿಸಿದರು. ನಮ್ಮವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಲಿಡಿಯನ್ ಶ್ರೇಣಿಯ ಸ್ವರಗಳು ನಮ್ಮ ಅರವತ್ತೈದನೆಯ ಮೇಳವಾದ ಮೇಚಕಲ್ಯಾಣಿಯ ಸ್ವರಗಳೇ. ಅದೇ ಪ್ರತಿಮಧ್ಯಮ. ರಾಗದ ಸಂಚಾರ, ಗಮಕಗಳು ಅಲ್ಲಿಲ್ಲ, ಸ್ವರಸ್ಥಾನಗಳು ಮಾತ್ರ ಸಮಾನ. ಬಹು ನಿಧಾನವಾದ ಆ ಗೀತೆಯ ನಡುವೆ ಎರಡು ಸಲ, ಹೊಸ ಬಲ ಬಂದುದನ್ನು ಸೂಚಿಸುವ ಚುರುಕಾದ ಸಂಗೀತ ಚಿಮ್ಮುತ್ತದೆ. ರೋಗಿಯು ಗೋಡೆ ಹಿಡಿದು ಅಂಗಳಕ್ಕೆ ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಕುಳಿತು, ದೇವರನ್ನು ನೆನೆದಂತೆ. ನಮ್ಮ ಮನೆಗಳಲ್ಲಿ ದೀರ್ಘಕಾಲ ಮಲಗಿ ಎದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ನಮ್ಮ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ. ಹಿತವಾದ ಹೈಡನ್ ಮತ್ತು ಬೀಥೋವನ್‌ರ ನಡುವೆ ಶೊಸ್ತಕೊವಿಚ್‌ರ ಕಠೋರ ನಾದ ಏಕೆ?

ಮೊದಲ ಉತ್ತರ ಚರಿತ್ರೆಯದು. ನಾವು ಇಂದು ಹಿತವೆನ್ನುವುದು ತನ್ನ ಕಾಲದಲ್ಲಿ ಹಿತವಾಗಿರಲಿಲ್ಲ. 1826ರ ಮಾರ್ಚ್ 21ರಂದು ವಿಯೆನ್ನದಲ್ಲಿ ಬೀಥೋವನ್‌ರ ಇನ್ನೊಂದು ಚತುಷ್ಟಯ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಅದರ ಕೊನೆಗಿದ್ದ ಮಹಾಫ್ಯೂಗ್ ಕೇಳಿ ಸಭೆ ಗೊಂದಲಕ್ಕೆ ಬಿತ್ತು. ಪ್ರಕಾಶಕರ ಕೋರಿಕೆಯಂತೆ ಅದನ್ನು ಕಿತ್ತು, ಬೀಥೋವನ್ ಬೇರೆ ಅಂತ್ಯವನ್ನು ಬರೆದುಕೊಡಬೇಕಾಯಿತು. ಅಂದು ಅರ್ಥವಾಗದೆಂದು ಬದಿಗೆ ಸರಿಸಿದ ಆ ಫ್ಯೂಗನ್ನು ಇಂದು ಮಾನವ ಪ್ರತಿಭೆಯ ಶಿಖರಗಳಲ್ಲಿ ಎಣಿಸುತ್ತಾರೆ. ಹಾಗೆಂದು ಹೊಸತೆಲ್ಲ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಹೈಡನ್ನರ ಕಾಲದಲ್ಲಿ ಚತುಷ್ಟಯ ಬರೆದ ಅನೇಕರ ಹೆಸರು ಇಂದು ಯಾರಿಗೂ ನೆನಪಿಲ್ಲ. ಕಾಲವೆಂಬ ಮೊರ ಜೊಳ್ಳನ್ನು ತೂರಿ ಕಾಳನ್ನು ಉಳಿಸುತ್ತದೆ, ನಿಜ. ಆದರೆ ಮೊರಕ್ಕೆ ಮೊದಲು ಯಾರಾದರೂ ಧಾನ್ಯವನ್ನು ಸುರಿಯಬೇಕಷ್ಟೆ! ಕೇಳುವವರೇ ಇಲ್ಲದಿದ್ದರೆ ಕಾಳೂ ಜೊಳ್ಳೂ ಒಟ್ಟಿಗೇ ಮಣ್ಣುಗೂಡುತ್ತವೆ.

ಹೊಸತಕ್ಕೆ ಆಸರೆಯಾಗುವ ಈ ಕರ್ತವ್ಯವನ್ನು ಅರಿತವರು ನಮ್ಮ ನಾಡಿನಲ್ಲಿಯೂ ಇದ್ದರು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಬಡತನದಿಂದಲೂ ಅನಾರೋಗ್ಯದಿಂದಲೂ ದಿನ ಕಳೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರರ ರಚನೆಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಕೃತಜ್ಞತೆಯಿಂದ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಅವರ ಕೈಯಿಂದಲೇ ಅವರ ಸಂಗೀತವನ್ನು ಕೇಳುವ ಭಾಗ್ಯ ಲೋಕಕ್ಕಿರುತ್ತಿರಲಿಲ್ಲ.

ಎರಡನೆಯ ಉತ್ತರ ತತ್ತ್ವಶಾಸ್ತ್ರದ್ದು. ಸಂತ ಅಗಸ್ತಿನರು ತಮ್ಮ ‘ನಿವೇದನೆಗಳು’ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಕಾಲವೆಂದರೇನೆಂದು ವಿಚಾರಿಸುತ್ತಾ ಕೀರ್ತನೆಯೊಂದನ್ನು ಹೇಳುವ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಹೇಳಿ ಮುಗಿದ ಭಾಗ ಸ್ಮರಣೆಯಲ್ಲಿದೆ, ಹೇಳಬೇಕಾದ ಭಾಗ ನಿರೀಕ್ಷೆಯಲ್ಲಿದೆ, ಇವೆರಡರ ನಡುವೆ ಗಮನವೊಂದೇ ಪ್ರಸ್ತುತದಲ್ಲಿದೆ. ಸಂಗೀತವನ್ನು ಕೇಳುವಾಗ ನಡೆಯುವುದೂ ಇದೇ. ಪರಿಚಿತವಾದ ಹಳೆಯ ಕೃತಿಯಲ್ಲಿ ನಿರೀಕ್ಷೆ ಪ್ರತಿ ಹೆಜ್ಜೆಗೂ ಈಡೇರುತ್ತದೆ. ಮುಂದಿನ ಸ್ವರ ಯಾವುದೆಂದು ಕಿವಿ ಮೊದಲೇ ಬಲ್ಲದು. ಆದುದರಿಂದಲೇ ಗಮನವು ಮೆಲ್ಲನೆ ನಿದ್ರೆಹೋಗುತ್ತದೆ. ದಿನನಿತ್ಯದ ಪ್ರಾರ್ಥನೆಯನ್ನು ತುಟಿ ಹೇಳುತ್ತಿರುವಾಗ ಮನಸ್ಸು ಗದ್ದೆಯಲ್ಲೋ ಅಂಗಡಿಯಲ್ಲೋ ಇರುವುದಿಲ್ಲವೇ? ಹೊಸ ಕೃತಿಯು ನಿರೀಕ್ಷೆಯ ಊರುಗೋಲನ್ನು ಕಿತ್ತುಕೊಳ್ಳುತ್ತದೆ. ಆಗ ಗಮನ ತನ್ನ ಕಾಲಮೇಲೆ ತಾನು ನಿಲ್ಲಬೇಕಾಗುತ್ತದೆ. ಹಾಗೆ ಎಚ್ಚೆತ್ತ ಕಿವಿಗೆ ವಿರಾಮದ ಬಳಿಕ ಬೀಥೋವನ್‌ರ ಕೃತಜ್ಞತಾಗೀತೆ ಕೇಳಿಸಿದಾಗ, ಎಂದೂ ಕೇಳದಿದ್ದುದರಂತೆ ಕೇಳಿಸುತ್ತದೆ. ಹಳತನ್ನು ನೆಚ್ಚಿ ಹೊಸತು ಸಭೆಗೆ ಬರುತ್ತದೆಂದು ನಾವು ಭಾವಿಸುತ್ತೇವೆ. ಹಳತಿಗೂ ಹೊಸತಿನ ಉಪಕಾರ ಅಷ್ಟೇ ಇದೆ.

ಮೂರನೆಯ ಉತ್ತರವೇ ನಮಗೆ ಮುಖ್ಯವಾದುದು. ಶೊಸ್ತಕೊವಿಚ್‌ರ ಕೃತಿ ಕರ್ಕಶವಾಗಿದೆ ಎನ್ನುವುದು ಸತ್ಯ. ಡ್ರೆಸ್ಡೆನ್ನಿನ ಬೂದಿಯನ್ನು ಹಿತವಾಗಿ ನುಡಿಸಲು ಬರುತ್ತದೆಯೇ? ನೊಂದವನ ಕೂಗು ರಾಗಬದ್ಧವಾಗಿರಲೆಂದು ನಾವು ಬಯಸಿದರೆ, ಆ ಕೂಗು ನಮಗೆ ಬೇಡವೆಂದೇ ಅರ್ಥ. ಕಿವಿಗೂ ಅಭ್ಯಾಸವೆಂಬುದುಂಟು. ಹಿತವಾದುದನ್ನಷ್ಟೇ ಕೇಳಿ ರೂಢಿಯಾದ ಕಿವಿ, ಸಭಾಭವನದ ಹೊರಗೂ ಹಿತವಾದುದನ್ನಷ್ಟೇ ಕೇಳಬಯಸುತ್ತದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಳುವವಳು, ಸಾಲ ತೀರಿಸಲಾರದೆ ಬಾಗಿಲಿಗೆ ಬಂದವನು, ಒಂದೇ ದೂರನ್ನು ಹತ್ತು ಸಲ ಹೇಳುವ ಮುದುಕ, ಇವರ ದನಿಯಲ್ಲಿ ಶ್ರುತಿಯಿರುವುದಿಲ್ಲ. ಇಪ್ಪತ್ತು ನಿಮಿಷ ಕುಳಿತು, ಎದ್ದುಹೋಗದೆ, ಅಪರಿಚಿತನೊಬ್ಬನ ಸಂಕಟವನ್ನು ಕೇಳಲು ಕಲಿಸುವ ಸಂಗೀತವನ್ನು ಕಷಾಯವೆಂದೇ ಕರೆಯೋಣ. ಕಷಾಯ ರೋಗವಿರುವಲ್ಲಿಗೇ ಅಲ್ಲವೇ ಬೇಕಾಗುವುದು?

ಈ ಪಾಠವನ್ನು ಚತುಷ್ಟಯಕ್ಕೆ ಬಹಳ ಹಿಂದೆಯೇ ಕಲಿಸಿದವರಲ್ಲಿ ಹೈಡನ್ನರೂ ಒಬ್ಬರು. ಸ್ಪೇನ್ ದೇಶದ ಕಾದಿಸ್ ನಗರದ ಪವಿತ್ರ ಗುಹಾ ಪ್ರಾರ್ಥನಾಲಯದಿಂದ ಅವರಿಗೊಂದು ಬೇಡಿಕೆ ಬಂದಿತ್ತು. ಶುಭ ಶುಕ್ರವಾರದಂದು ಅಲ್ಲಿ ಗೋಡೆ ಕಿಟಕಿ ಕಂಬಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ, ನಡುವೆ ಒಂದೇ ದೀಪವನ್ನು ತೂಗಹಾಕಿ, ಮಧ್ಯಾಹ್ನ ಬಾಗಿಲು ಮುಚ್ಚುತ್ತಿದ್ದರೆಂದು ಹೈಡನ್ ಮುಂದೆ ವಿವರಿಸಿದ್ದಾರೆ. ಯೇಸುಸ್ವಾಮಿ ಶಿಲುಬೆಯ ಮೇಲೆ ನುಡಿದ ಏಳು ವಾಕ್ಯಗಳಲ್ಲಿ ಒಂದೊಂದನ್ನೇ ಧರ್ಮಾಧ್ಯಕ್ಷರು ಉಚ್ಚರಿಸಿ, ಪ್ರಬೋಧನೆ ಮಾಡಿ, ಪೀಠದಿಂದ ಇಳಿದು ಮೊಣಕಾಲೂರುವಾಗ ಆ ಅವಕಾಶವನ್ನು ಸಂಗೀತ ತುಂಬಬೇಕು. ಒಂದರ ಹಿಂದೊಂದು ಏಳು ನಿಧಾನಗತಿಯ ರಚನೆಗಳು! ಕೇಳುವವರಿಗೆ ಬೇಸರ ಬಾರದಂತೆ ಅದನ್ನು ನಿರ್ವಹಿಸುವುದು ಸುಲಭವಾಗಿರಲಿಲ್ಲವೆಂದು ಹೈಡನ್ನರೇ ಒಪ್ಪಿಕೊಂಡಿದ್ದಾರೆ. ವಾದ್ಯವೃಂದಕ್ಕೆಂದು ಬರೆದ ಅದನ್ನು 1787ರಲ್ಲಿ ಅವರು ನಾಲ್ಕು ತಂತಿವಾದ್ಯಗಳಿಗೂ ಅಳವಡಿಸಿದರು. ಕೊನೆಗೆ ಭೂಕಂಪವನ್ನು ಚಿತ್ರಿಸುವ ಅಬ್ಬರದ ಭಾಗವೊಂದಿದೆ. ಒಂದು ಗಂಟೆಗೂ ಮೀರಿ ನೋವಿನ ಬಳಿ ಕುಳಿತಿರಿ ಎಂದು ಕೇಳುಗರನ್ನು ಕೋರಿದ ಆ ಕೃತಿ ತನ್ನ ಕಾಲಕ್ಕೆ ಎಷ್ಟು ಹೊಸದಾಗಿದ್ದಿರಬೇಕು!

ಹಾಗಾದರೆ ಇಂಥ ಸಂಜೆಯನ್ನು ಹೇಗೆ ಕೇಳಬೇಕು? ಸಂಗೀತಶಾಸ್ತ್ರ ತಿಳಿಯದವರಿಗೂ ಉಪಯೋಗವಾಗುವ ಎರಡು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದು, ಕಮಾನುಗಳು ಕಾಣುವಂತೆ ಕುಳಿತುಕೊಳ್ಳಿ. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ಕಣ್ಣು ಕಿವಿಗೆ ತಿಳಿಸುತ್ತದೆ. ಎರಡನೆಯದು, ಒಂದು ಕೃತಿಯುದ್ದಕ್ಕೂ ವಿಯೋಲವನ್ನು ಮಾತ್ರ ಹಿಂಬಾಲಿಸಿ ನೋಡಿ. ನಡುವೆ ಕುಳಿತು ಬಹುಶಃ ಯಾರ ಗಮನಕ್ಕೂ ಬಾರದ ಆ ದನಿ ಎಷ್ಟನ್ನು ಹೊತ್ತಿದೆಯೆಂದು ತಿಳಿದಾಗ, ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಭಾರ ಹೊರುವವರ ನೆನಪಾಗದೆ ಇರದು.

ವಿಯೋಲದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಲಂಡನ್ನಿನಲ್ಲಿ 1947ರಲ್ಲಿ ಸ್ಥಾಪನೆಯಾದ ಅಮಡೇಯಸ್ ಚತುಷ್ಟಯದ ನಾಲ್ವರಲ್ಲಿ ಮೂವರು ನಾಜಿಗಳ ಕಾಟಕ್ಕೆ ವಿಯೆನ್ನವನ್ನು ತೊರೆದು ಬಂದಿದ್ದ ಯೆಹೂದ್ಯರು. ಆಶ್ರಯ ಕೊಟ್ಟ ದೇಶದಲ್ಲಿಯೂ ಶತ್ರುದೇಶದವರೆಂಬ ಕಾರಣಕ್ಕೆ ಬಂಧನ ಶಿಬಿರಗಳಲ್ಲಿ ಇರಬೇಕಾಗಿ ಬಂದಾಗ ಅವರ ಪರಿಚಯ ಬೆಳೆಯಿತು. ಮುಂದೆ ನಾಲ್ಕು ದಶಕ ಅದೇ ನಾಲ್ವರು, ಒಬ್ಬರೂ ಬದಲಾಗದೆ, ಕೂಡಿ ನುಡಿಸಿದರು. 1987ರಲ್ಲಿ ವಿಯೋಲ ವಾದಕರಾದ ಪೀಟರ್ ಶಿಡ್ಲಾಫ್ ನಿಧನರಾದಾಗ, ಬೇರೊಬ್ಬ ನಿಪುಣರನ್ನು ಆ ಸ್ಥಾನದಲ್ಲಿ ಕೂರಿಸುವುದು ಕಷ್ಟವಿರಲಿಲ್ಲ. ಉಳಿದ ಮೂವರು ಹಾಗೆ ಮಾಡಲಿಲ್ಲ. ಚತುಷ್ಟಯವನ್ನೇ ಮುಗಿಸಿದರು. ನಲವತ್ತು ವರ್ಷ ಪರಸ್ಪರರನ್ನು ಆಲಿಸಿದವರಿಗೆ ಆ ಕುರ್ಚಿ ಬರಿಯ ಕುರ್ಚಿಯಾಗಿರಲಿಲ್ಲ.

ಪ್ರಿಯ ವಾಚಕರೇ, ನಮ್ಮ ದೇವಾಲಯಗಳಲ್ಲಿ ನಾವಿಂದು ಹಾಡುವ ಕನ್ನಡ ಗೀತೆಗಳೂ ಎರಡನೆಯ ವತಿಕಾನ್ ಮಹಾಸಭೆ 1963ರಲ್ಲಿ ಆರಾಧನಾವಿಧಿಯಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಬಲಿಪೂಜೆಯೊಳಗೆ ನೆಲೆಯೂರಿದವು. ಲತೀನ್ ಗಾಯನಕ್ಕೆ ಒಗ್ಗಿಹೋದ ಕಿವಿಗಳಿಗೆ ಅವೂ ಒಂದು ದಿನ ಹೊಸತೇ. ಇಂದು ಅವೇ ನಮಗೆ ಹಳತು, ಅವೇ ಆಪ್ತ. ಮುಂದಿನವರಿಗೆ ಆಪ್ತವಾಗಬೇಕಾದುದು ಈಗ ಎಲ್ಲೋ ಅಪರಿಚಿತ ದನಿಯಲ್ಲಿ ನುಡಿಯುತ್ತಿದೆ. ಅದಕ್ಕೆ ತಕ್ಷಣ ತಲೆದೂಗಬೇಕಾಗಿಲ್ಲ. ಮುಗಿಯುವವರೆಗೆ ಎದ್ದುಹೋಗದೆ ಕುಳಿತಿದ್ದರೆ ಸಾಕು.